ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲಿಕ್ಕೂ ಹೆದರಬೇಕಾ?

ಪೆರ್ಲದ ಅಡಕೆಗಾರ:
ಮೊನ್ನೆ ಶನಿವಾರದ ಸಂಗತಿ. ಅಕ್ಕನ ಮಗ ಟೆಕ್ಸಾಸಿನಿಂದ ಬಂದಿದ್ದಾನೆ. ಹದಿನಾಲ್ಕು ವರ್ಷದಿಂದ ಅಲ್ಲೇ ಇರುವವ. ಮನೆಯಲ್ಲಿ ಕೂತು ಬೇಜಾರು ಅಂತ ನನ್ನ ಅಮ್ಮನೊಟ್ಟಿಗೆ, ಅಂದರೆ ಅವನ ಅಜ್ಜಿಯೊಟ್ಟಿಗೆ, ರೇಷನ್ ಅಂಗಡಿಗೆ ಹೋದ. ಅಮ್ಮ ಮೆಷಿನಿಗೆ ಹೆಬ್ಬೆಟ್ಟು ಒತ್ತಿದರು. ಅದು ತೆಗೆದುಕೊಳ್ಳಲಿಲ್ಲ. ಅಡಕೆ ಸುಲಿದು ಸುಲಿದು ಅವರ ಬೆರಳಿನ ಗೆರೆಯೇ ಸವೆದು ಹೋಗಿದೆ. ಸೆರಗಿಗೆ ಒರಸಿಕೊಂಡು ಇನ್ನೊಮ್ಮೆ ಒತ್ತಿದರು. ಮತ್ತೆ ತೋರುಬೆರಳು. ಕೊನೆಗೆ ಎಡಗೈ. ಆಗ ಚೀಟಿ ಬಂತು.

ಇವನಿಗೆ ತಲೆ ಕೆಟ್ಟುಹೋಯಿತು. "ಅಜ್ಜೀ, ನಾಲ್ಕು ಕಿಲೋ ಅಕ್ಕಿಗೆ ಸರಕಾರಕ್ಕೆ ಬೆರಳಚ್ಚು ಕೊಡುವುದಾ? ನಮ್ಮಲ್ಲಿ ಕಳ್ಳರನ್ನು ಹಿಡಿದಾಗ ತೆಗೆಯುವುದು ಅದು" ಅಂದ. ಮನೆ ಮುಟ್ಟುವವರೆಗೂ ಭಾಷಣ. ಇದೇ ಸೋಶಿಯಲಿಸಂ, ಮೊದಲು ಅಕ್ಕಿ ಕೊಡುತ್ತಾರೆ, ಆಮೇಲೆ ಕುತ್ತಿಗೆ ಹಿಡಿಯುತ್ತಾರೆ ಅಂತ. ಅಮ್ಮ ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ಬೆರಳು ಕೊಡದಿದ್ದರೆ ಅಕ್ಕಿ ಟೆಕ್ಸಾಸಿನಿಂದ ಬರ್ತದಾ?"

ನಮ್ಮ ಊರಿನವರು ಇಲ್ಲಿ ಹತ್ತು ದೇಶದಲ್ಲಿ ಇದ್ದೀರಿ. ನೀವು ಇರುವಲ್ಲಿ ಜನರಿಗೆ ಸರಕಾರದ ಹೆದರಿಕೆ ಉಂಟಾ? ಸಮಾಜವಾದ ಅಂದರೆ ಅಲ್ಲಿ ಎಂತ ಅಂತ ತಿಳಿದಿದ್ದಾರೆ? ಪಕ್ಷದ ಜಗಳ ಬೇಡ, ನೋಡಿದ್ದನ್ನು ಹೇಳಿ.

ಹೊಸಂಗಡಿ ಹುಡುಗ:
ಪಕ್ಷದ ಜಗಳ ಬೇಡ ಅಂತ ಕಾಸರಗೋಡಿನವರಿಗೆ ಹೇಳಿದ್ದಾ? ಊಟಕ್ಕೆ ಕರೆದು ಅನ್ನ ಮುಟ್ಟಬೇಡಿ ಅಂದ ಹಾಗಾಯಿತು.

ಒಹಾಯೋ ಅತ್ತಿಗೆ:
ನಿಮ್ಮ ಅಳಿಯನಿಗೆ ಒಂದು ಪ್ರಶ್ನೆ ಕೇಳಿ ಭಾವ. ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ಎಷ್ಟು ಬೆರಳು ಕೊಟ್ಟಿದ್ದಾನೆ? ನಾನು ಹತ್ತೂ ಕೊಟ್ಟಿದ್ದೇನೆ, ಫೋಟೋ ಬೇರೆ. ಆಗ ಯಾಕೆ ಕುತ್ತಿಗೆಯ ನೆನಪು ಬರಲಿಲ್ಲವಂತೆ?

ಆದರೆ ಅವ ಹೇಳುವ ಹೆದರಿಕೆ ಸುಳ್ಳಲ್ಲ. ನಾನು ಇಲ್ಲಿ ನರ್ಸ್. ಬರುವ ಮುದುಕರ ಮಾತು ದಿನಾ ಕೇಳುತ್ತೇನೆ. ಇಲ್ಲಿ ನಮ್ಮ ಆಧಾರ್ ತರದ ಒಂದು ರಾಷ್ಟ್ರೀಯ ಗುರುತಿನ ಚೀಟಿಯೇ ಇಲ್ಲ. ಮಾಡಲು ಹೊರಟರೆ ಎಡದವರೂ ಬಲದವರೂ ಒಟ್ಟಿಗೆ ಬೊಬ್ಬೆ ಹಾಕುತ್ತಾರೆ. ಕೋವಿ ಇಟ್ಟುಕೊಳ್ಳುವ ಹಕ್ಕು 1791ರಿಂದ ಸಂವಿಧಾನದಲ್ಲೇ ಉಂಟು. ಅದು ಕಳ್ಳರಿಗೆ ಮಾತ್ರ ಅಲ್ಲ, ಸರಕಾರ ತಲೆ ಮೇಲೆ ಕೂತರೆ ಬೇಕಾಗುತ್ತದೆ ಅಂತ ಸುಮಾರು ಜನ ನಿಜಕ್ಕೂ ನಂಬುತ್ತಾರೆ.

ತಮಾಷೆ ಎಂತ ಗೊತ್ತುಂಟಾ, ಅದೇ ಮುದುಕರ ಆಸ್ಪತ್ರೆ ಬಿಲ್ಲು ಕಟ್ಟುವುದು ಮೆಡಿಕೇರ್. 65 ದಾಟಿದವರಿಗೆ ಸರಕಾರದ ವಿಮೆ. 1965ರಲ್ಲಿ ಬಂತು. ಬರುವ ಮೊದಲು ಅದಕ್ಕೆ "ಸಮಾಜವಾದಿ ವೈದ್ಯಕೀಯ" ಅಂತ ಬೈಗುಳ. ಆಮೇಲೆ ಅಧ್ಯಕ್ಷರಾದ ರೇಗನ್ ಆಗ ಇನ್ನೂ ನಟ, 1961ರಲ್ಲಿ ಅದರ ವಿರುದ್ಧ ಒಂದು ಗ್ರಾಮಫೋನ್ ರೆಕಾರ್ಡೇ ಮಾಡಿದ್ದರು. ಈಗ ಅದಕ್ಕೆ ಕೈ ಹಾಕಲು ಯಾವ ಪಕ್ಷಕ್ಕೂ ಧೈರ್ಯ ಇಲ್ಲ. ರೇಷನ್ ಇಲ್ಲ ಅಂತಲೂ ತಿಳಿಯಬೇಡಿ. ಸುಮಾರು 4 ಕೋಟಿ ಜನ ಸರಕಾರದ ಕಾರ್ಡಿನಲ್ಲಿ ದಿನಸಿ ತರುತ್ತಾರೆ.

ಪೆರ್ಲದ ಅಡಕೆಗಾರ:
ಹತ್ತು ಬೆರಳಿನ ವಿಷಯ ಕೇಳಿದೆ ಅತ್ತಿಗೆ. "ಅದು ಬೇರೆ" ಅಂದು ಸ್ನಾನಕ್ಕೆ ಹೋದ.

ಶಾರ್ಜಾ ಇಚ್ಚ:
ನಮ್ಮಲ್ಲಿ ಹೆದರಿಕೆ ಇಲ್ಲ ಮಾರಾಯ್ರೇ. ಮಾತಾಡದಿದ್ದರೆ.

ಹೊಸಂಗಡಿ ಹುಡುಗ:
ಇಚ್ಚ, ಇವತ್ತಿನ ಬಹುಮಾನ ನಿಮಗೆ.

ಶಾರ್ಜಾ ಇಚ್ಚ:
ನಗಬೇಡ. 22 ವರ್ಷ ಆಯ್ತು ಇಲ್ಲಿ. ಪಕ್ಷ ಇಲ್ಲ, ಬಂದ್ ಇಲ್ಲ, ಹರತಾಳ ಇಲ್ಲ. ಸಂಬಳಕ್ಕೆ ಟ್ಯಾಕ್ಸ್ ಇಲ್ಲ. 2018ರಲ್ಲಿ 5 ಪರ್ಸೆಂಟ್ ವ್ಯಾಟ್ ಬಂತು, ಅಷ್ಟೇ. ಸರಕಾರದ ಕೆಲಸ ಫೋನಿನಲ್ಲಿ ಆಗುತ್ತದೆ. ಊರಿನಲ್ಲಿ ಒಂದು ಸರ್ಟಿಫಿಕೇಟಿಗೆ ನಾಲ್ಕು ಸಲ ಹೋದವನಿಗೆ ಇದು ಸ್ವರ್ಗವೇ. ಆದರೆ ನನ್ನ ರೂಮಿನಲ್ಲಿ ಎಂಟು ಜನ ಇದ್ದ ಕಾಲದಲ್ಲೂ ಯಾರೂ ಇಲ್ಲಿನ ಸರಕಾರದ ಬಗ್ಗೆ ಒಂದು ಮಾತು ಎತ್ತಿದ್ದಿಲ್ಲ. ಊರಿನ ಮುಖ್ಯಮಂತ್ರಿಯನ್ನು ರಾತ್ರಿ ಎರಡು ಗಂಟೆವರೆಗೆ ಬೈಯುತ್ತಿದ್ದೆವು. ಬಾಗಿಲು ಹಾಕಿದ ರೂಮಿನಲ್ಲೂ ನಾಲಿಗೆಗೆ ಗೊತ್ತಿರುತ್ತದೆ ಯಾವ ಸರಕಾರವನ್ನು ಬೈಯಬಹುದು ಅಂತ.

ಇಲ್ಲಿನ ನಾಗರಿಕರಿಗೆ ಶಾಲೆ, ಆಸ್ಪತ್ರೆ ಉಚಿತ. ಎಣ್ಣೆ ದುಡ್ಡು ಉಂಟಲ್ಲ. ಅದಕ್ಕೆ ಸೋಶಿಯಲಿಸಂ ಅಂತ ಯಾರೂ ಹೇಳುವುದಿಲ್ಲ. ಪಕ್ಕದ ಕುವೈತಿನಲ್ಲಿ ಮಾತ್ರ ಜೋರು ಪಾರ್ಲಿಮೆಂಟ್ ಇತ್ತು, ಮಂತ್ರಿಗಳನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. 2024ರ ಮೇ ತಿಂಗಳಲ್ಲಿ ಅಮೀರ್ ಅದನ್ನೂ ವಿಸರ್ಜನೆ ಮಾಡಿದರು, ನಾಲ್ಕು ವರ್ಷದವರೆಗೆ ಅಂತ.

ಕುಂಬಳೆ ಮಾಸ್ಟ್ರು:
ಇಚ್ಚ ಹೇಳಿದ್ದು ನನಗೆ 1975 ನೆನಪಿಸಿತು. ಜೂನ್ 25ಕ್ಕೆ ತುರ್ತುಪರಿಸ್ಥಿತಿ ಬಂತು. ನಾನು ಆಗ ಟಿಟಿಸಿ, ಅಂದರೆ ಮಾಸ್ಟ್ರ ತರಬೇತಿ, ಕಲಿಯುತ್ತಿದ್ದೆ. ಮೊದಲ ತಿಂಗಳು ಎಲ್ಲರೂ ಹೇಳಿದ್ದು ಇದನ್ನೇ: ಬಸ್ಸು ಸಮಯಕ್ಕೆ ಬರುತ್ತದೆ, ಆಫೀಸಿನಲ್ಲಿ ಗುಮಾಸ್ತ ಕುರ್ಚಿಯಲ್ಲಿ ಇರುತ್ತಾನೆ. ಆಮೇಲೆ ನನ್ನ ಸೋದರಮಾವ ಒಂದು ಕರಪತ್ರ ಹಂಚಿದ್ದಕ್ಕೆ ಹನ್ನೊಂದು ದಿನ ಸ್ಟೇಷನ್ನಿನಲ್ಲಿ ಇದ್ದು ಬಂದರು. ಬಂದ ಮೇಲೆ ಅವರು ಬೀಡಿ ಸೇದುವುದು ಬಿಟ್ಟರು. ಕೈ ನಡುಗಿ ಬೆಂಕಿಕಡ್ಡಿ ಗೀರಲು ಆಗುತ್ತಿರಲಿಲ್ಲ.

ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನ ರಾಜನ್ ಕತೆ ಗೊತ್ತಿರಬಹುದು. 1976ರಲ್ಲಿ ಪೊಲೀಸರು ಹಾಸ್ಟೆಲಿನಿಂದ ಕರಕೊಂಡು ಹೋದ ಹುಡುಗ ಮನೆಗೆ ಬರಲೇ ಇಲ್ಲ. ಅವನ ತಂದೆ ಕೋರ್ಟಿಗೆ ಹೋದರು. 1977ರಲ್ಲಿ ಕರುಣಾಕರನ್ ಮುಖ್ಯಮಂತ್ರಿಯಾಗಿ ತಿಂಗಳಾಗುವ ಹೊತ್ತಿಗೆ ಅದೇ ಕೇಸಿನಿಂದ ರಾಜೀನಾಮೆ ಕೊಡಬೇಕಾಯಿತು.

ಹಾಂ, ನಮ್ಮ ಸಂವಿಧಾನದ ಪೀಠಿಕೆಗೆ "ಸಮಾಜವಾದಿ" ಅನ್ನುವ ಪದ ಸೇರಿದ್ದು ಅದೇ 1976ರಲ್ಲಿ, 42ನೇ ತಿದ್ದುಪಡಿಯಲ್ಲಿ. ಸೇರಿಸುವಾಗ ವಿರೋಧ ಪಕ್ಷದ ಎಷ್ಟೋ ನಾಯಕರು ಜೈಲಿನಲ್ಲಿದ್ದರು. ಅದರಲ್ಲಿ ಸಮಾಜವಾದಿಗಳೂ ಇದ್ದರು.

ಮಂಜೇಶ್ವರ ಗುತ್ತು:
ಆದರೂ 1977ರ ಚುನಾವಣೆಯಲ್ಲಿ ಉತ್ತರದವರು ಇಂದಿರಾ ಅವರನ್ನು ಸೋಲಿಸಿದರು. ಕೇರಳ ಆಳುವವರನ್ನೇ ಗೆಲ್ಲಿಸಿತು. ಕರ್ನಾಟಕದಲ್ಲೂ 28ರಲ್ಲಿ 26 ಕಾಂಗ್ರೆಸ್ಸಿಗೆ. ಅದಕ್ಕೆ ಎಂತ ಹೇಳುತ್ತೀರಿ ಮಾಸ್ಟ್ರೇ?

ಕುಂಬಳೆ ಮಾಸ್ಟ್ರು:
ಎಂತ ಹೇಳುವುದು. ಇಲ್ಲಿ ನಸ್‌ಬಂದಿಯ, ಅಂದರೆ ಒತ್ತಾಯದ ಸಂತಾನಹರಣದ, ಕಾಟ ಉತ್ತರದಷ್ಟು ಇರಲಿಲ್ಲ. ನಮ್ಮ ಮೈಗೆ ತಾಗಿದ್ದು ಕಡಿಮೆ. ಪೇಪರಿನಲ್ಲಿ ಬರಲಿಲ್ಲ ಅಂದಮೇಲೆ ಪಕ್ಕದ ಮನೆಯದ್ದೂ ಗೊತ್ತಾಗಲಿಲ್ಲ.

ಬರ್ಲಿನ್ ಬದಿಯಡ್ಕ:
ಮಾಸ್ಟ್ರೇ ನಮಸ್ಕಾರ, ನಾನು ನಿಮ್ಮ ಏಳನೇ ಕ್ಲಾಸಿನ ಶಿಷ್ಯೆ. ಯಾರು ಅಂತ ಹೇಳುವುದಿಲ್ಲ, ಮಗ್ಗಿ ಕೇಳುತ್ತೀರಿ.

ನಾನು ಮೊದಲು ಬಾಡಿಗೆಗೆ ಇದ್ದ ಮನೆಯ ಅಜ್ಜಿ ಪೂರ್ವ ಜರ್ಮನಿಯವರು. ಅಲ್ಲಿನ ಗುಪ್ತ ಪೊಲೀಸರಿಗೆ ಸ್ಟಾಸಿ ಅಂತ ಹೆಸರು. 1989ರಲ್ಲಿ ಸುಮಾರು 91 ಸಾವಿರ ನೌಕರರು. ಅದರ ಮೇಲೆ ಗುಟ್ಟಾಗಿ ಸುದ್ದಿ ಮುಟ್ಟಿಸುವವರು ಒಂದೂಮುಕ್ಕಾಲು ಲಕ್ಷದಷ್ಟು. ಇಡೀ ದೇಶದ ಜನ ಇದ್ದದ್ದು 1.6 ಕೋಟಿ. ಗೋಡೆ ಬಿದ್ದ ಮೇಲೆ 1992ರಿಂದ ಯಾರು ಬೇಕಾದರೂ ತಮ್ಮ ಫೈಲು ತಾವೇ ಓದಬಹುದು ಅಂತಾಯಿತು. ಅಜ್ಜಿ ಹೋಗಿ ಓದಿದರು. ಪಶ್ಚಿಮದ ತಂಗಿ ಕಳಿಸಿದ ಕಾಫಿ ಪಾರ್ಸೆಲ್ ಯಾವ ದಿನ ಬಂತು ಅನ್ನುವುದೂ ಅದರಲ್ಲಿ ಇತ್ತಂತೆ. ಬರೆಸಿದ್ದು ಕೆಳಗಿನ ಮನೆಯವಳು. ಆ ಪಾರ್ಸೆಲಿನ ಕಾಫಿಯನ್ನೇ ಇವರೊಟ್ಟಿಗೆ ಕೂತು ಕುಡಿದವಳು!

"ಮತ್ತೆ ಅವಳನ್ನು ಕೇಳಿದಿರಾ?" ಅಂದೆ. "ಇಲ್ಲ. ಮೆಟ್ಟಿಲಲ್ಲಿ ಸಿಕ್ಕಿದರೆ ಗುಟೆನ್ ಟಾಗ್ ಹೇಳುತ್ತೇನೆ" ಅಂದರು.

ಅದೇ ಅಜ್ಜಿ ಇನ್ನೊಂದು ದಿನ ಹೇಳುತ್ತಾರೆ: ಆಗ ಮಗುವನ್ನು ಬಾಲವಾಡಿಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ, ಬಾಡಿಗೆಯ ಚಿಂತೆ ಇರಲಿಲ್ಲ, ಕೆಲಸ ಹೋಗುತ್ತದೆ ಅಂತ ನಿದ್ದೆ ಕೆಟ್ಟದ್ದಿಲ್ಲ ಅಂತ. ಅವರ ಬಾಯಲ್ಲಿ ಎರಡೂ ಬರುತ್ತದೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ನನಗೆ ಆಗಲಿಲ್ಲ.

ಪಶ್ಚಿಮದವರಿಗೂ ಹೆದರಿಕೆ ಉಂಟು. 1983ರಲ್ಲಿ ಜನಗಣತಿ ಮಾಡಲು ಹೊರಟರೆ ಜನ ಬಹಿಷ್ಕಾರ ಅಂದರು. ನಾಜಿಗಳು ಪಟ್ಟಿ ಇಟ್ಟುಕೊಂಡು ಎಂತ ಮಾಡಿದರು ಅಂತ ಮರೆತಿರಲಿಲ್ಲ. ಸಂವಿಧಾನ ಕೋರ್ಟು ಅದನ್ನು ತಡೆಯಿತು, ನಿಮ್ಮ ಮಾಹಿತಿಯ ಯಜಮಾನ ನೀವೇ ಅಂತ ತೀರ್ಪು ಕೊಟ್ಟಿತು. ಇವತ್ತೂ ನನ್ನ ಬೀದಿಯ ಬೇಕರಿಯಲ್ಲಿ ಕಾರ್ಡ್ ನಡೆಯುವುದಿಲ್ಲ, ನೋಟೇ ಬೇಕು. ಗೂಗಲ್ ಬೀದಿ ಫೋಟೋ ತೆಗೆದಾಗ ಎರಡು ಲಕ್ಷಕ್ಕಿಂತ ಜಾಸ್ತಿ ಮನೆಯವರು ನಮ್ಮ ಮನೆ ಮಸುಕು ಮಾಡಿ ಅಂತ ಬರೆದರು.

ಸ್ವೀಡನ್ ಶೆಟ್ಟಿ:
ಇದಕ್ಕೆ ಪೂರಾ ಉಲ್ಟಾ ನಮ್ಮಲ್ಲಿ. ಹುಟ್ಟಿದ ಕೂಡಲೇ ಒಂದು ನಂಬರು. ಅದು ಇಲ್ಲದಿದ್ದರೆ ಬ್ಯಾಂಕ್ ಖಾತೆ ಬಿಡಿ, ಜಿಮ್ಮಿಗೂ ಸೇರಿಸುವುದಿಲ್ಲ. ಪಕ್ಕದ ಮನೆಯವನ ಆದಾಯ ಎಷ್ಟು ಅಂತ ಬೇಕಾದರೆ ತೆರಿಗೆ ಕಚೇರಿಗೆ ಫೋನ್ ಮಾಡಿ ಕೇಳಬಹುದು. ಸರಕಾರದ ಕಾಗದ ಸಾರ್ವಜನಿಕರದ್ದು ಅನ್ನುವ ಕಾನೂನು 1766ರದ್ದು. ಭಾರತದ ಮಾಹಿತಿ ಹಕ್ಕು 2005ರದ್ದು, ಲೆಕ್ಕ ಹಾಕಿ.

ಮತ್ತೆ ದಯಮಾಡಿ ಸ್ವೀಡನ್, ಡೆನ್ಮಾರ್ಕ್ ಸಮಾಜವಾದಿ ದೇಶ ಅಂತ ಬರೆಯಬೇಡಿ. ಕಂಪನಿಗಳು ಹೆಚ್ಚಿನವು ಖಾಸಗಿ. ಕಾನೂನಿನಲ್ಲಿ ಕನಿಷ್ಠ ಕೂಲಿ ಅನ್ನುವುದೇ ಇಲ್ಲ, ಯೂನಿಯನ್ನೂ ಮಾಲೀಕರೂ ಕೂತು ತೀರ್ಮಾನ ಮಾಡುತ್ತಾರೆ. 2015ರಲ್ಲಿ ಡೆನ್ಮಾರ್ಕಿನ ಪ್ರಧಾನಿ ಅಮೆರಿಕಕ್ಕೆ ಹೋದಾಗ, ನಮ್ಮದು ಮಾರುಕಟ್ಟೆ ಆರ್ಥಿಕತೆ ಮಾರಾಯ್ರೇ ಅಂತ ಹೇಳಿ ಬರಬೇಕಾಯಿತು. ಮಾರಾಯ್ರೇ ಮಾತ್ರ ನನ್ನದು.

ಒಹಾಯೋ ಅತ್ತಿಗೆ:
ಹಾಗಾದರೆ ಅಲ್ಲಿ ಸರಕಾರದ ಹೆದರಿಕೆ ಯಾರಿಗೂ ಇಲ್ಲವಾ? ನಂಬಲಿಕ್ಕೆ ಕಷ್ಟ.

ಸ್ವೀಡನ್ ಶೆಟ್ಟಿ:
ಅತ್ತಿಗೆ ಸರಿಯಾದ ಜಾಗದಲ್ಲಿ ಚುಚ್ಚಿದಿರಿ. ಇದೇ ಒಳ್ಳೆಯ ಸರಕಾರ 1930ರ ದಶಕದಿಂದ 1975ರವರೆಗೆ ಸುಮಾರು 63 ಸಾವಿರ ಜನರಿಗೆ ಸಂತಾನಹರಣ ಮಾಡಿಸಿತು. ಹೆಚ್ಚಿನವರು ಹೆಂಗಸರು. ಬುದ್ಧಿ ಸಾಲದು, ನಡತೆ ಸರಿ ಇಲ್ಲ ಅಂತೆಲ್ಲ ಕಾರಣ. ಎಷ್ಟೋ ಜನರಿಗೆ ಒಪ್ಪಿಗೆಯ ಹೆಸರಲ್ಲಿ ಒತ್ತಾಯ. 1999ರಲ್ಲಿ ಪರಿಹಾರ ಕೊಟ್ಟರು. ಚುನಾವಣೆ, ಪೇಪರು, ಕೋರ್ಟು ಎಲ್ಲ ಇದ್ದ ದೇಶ. ನನ್ನ ಆಫೀಸಿನ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ.

ನೀಲೇಶ್ವರ ಸಖಾವು:
ದೂರದ ದೇಶ ಯಾಕೆ? ಜಗತ್ತಿನಲ್ಲೇ ಮೊದಲು ಓಟು ಹಾಕಿ ಕಮ್ಯುನಿಸ್ಟ್ ಸರಕಾರ ತಂದದ್ದು ನಾವು. 1957 ಏಪ್ರಿಲ್ 5. ಮುಖ್ಯಮಂತ್ರಿ ಇಎಂಎಸ್ ನಂಬೂದಿರಿಪಾಡ್ ಗೆದ್ದದ್ದೇ ನಮ್ಮ ನೀಲೇಶ್ವರದಿಂದ. ಜೈಲು ತುಂಬಿಸಲಿಲ್ಲ, ಗೋಡೆ ಕಟ್ಟಲಿಲ್ಲ. ಭೂಮಿ, ಶಾಲೆ ಅಂದರು. 1959 ಜುಲೈ 31ಕ್ಕೆ 356ನೇ ವಿಧಿ ಹಾಕಿ ಕಿತ್ತೆಸೆದರು. ಪ್ರಜಾಪ್ರಭುತ್ವಕ್ಕೆ ಹೆದರಿದವರು ಯಾರು ಹೇಳಿ?

ಸ್ವೀಡನ್ ಶೆಟ್ಟಿ:
ಜಗತ್ತಿನಲ್ಲೇ ಮೊದಲು ಅಲ್ಲ ಸಖಾವೇ. ಇಟಲಿಯ ಹೊಟ್ಟೆಯೊಳಗೆ ಸಾನ್ ಮರಿನೊ ಅಂತ ಪುಟ್ಟ ದೇಶ ಉಂಟು. ಅಲ್ಲಿ 1945ರಲ್ಲೇ ಓಟಿನಿಂದ ಬಂದಿದ್ದರು, ಸೋಶಿಯಲಿಸ್ಟರ ಜೊತೆ ಸೇರಿ. ಭಾರತದಲ್ಲಿ ಮೊದಲು ಅನ್ನಿ, ಒಪ್ಪುತ್ತೇನೆ.

ನೀಲೇಶ್ವರ ಸಖಾವು:
ಸಾನ್ ಮರಿನೊ ಎಷ್ಟು ದೊಡ್ಡದು? ನಮ್ಮ ಮೂರು ಪಂಚಾಯತಿನಷ್ಟು ಇರಬಹುದು. ಸರಿ, ಬಿಡಿ, ಬರೆದುಕೊಂಡೆ.

ಮಂಜೇಶ್ವರ ಗುತ್ತು:
ಗೋಡೆ ಕಟ್ಟಲಿಲ್ಲ, ಆದರೆ ನಮ್ಮ ಬೇಲಿ ಕಿತ್ತರು. 1970 ಜನವರಿ 1ರಿಂದ ಗೇಣಿ ಪದ್ಧತಿ ರದ್ದು. ನನ್ನ ಅಜ್ಜನ ಗದ್ದೆ ಎಲ್ಲ ಒಕ್ಕಲಿಗೆ ಹೋಯಿತು. ಪರಿಹಾರ ಅಂತ ಬಂದದ್ದು ಹೇಳಲಿಕ್ಕೆ ನಾಚಿಕೆ. ಅಜ್ಜ ಕೊನೆಯವರೆಗೂ ರೆವಿನ್ಯೂ ಇಲಾಖೆಯ ಜೀಪಿನ ಶಬ್ದ ಕೇಳಿದರೆ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದರು. ಸರಕಾರದ ಹೆದರಿಕೆ ಅಂದರೆ ನನಗೆ ಅದು.

ಪೈವಳಿಕೆಯವಳು:
ನನ್ನ ಅಜ್ಜಿಗೆ ಸರಕಾರದ ಹೆದರಿಕೆ ಇರಲಿಲ್ಲ. ನಿಮ್ಮ ಅಜ್ಜನಂಥವರ ಅಂಗಳದ ಹೆದರಿಕೆ ಇತ್ತು.

ಮಳೆ ಬಂದು ಬೆಳೆ ಮುಳುಗಿದರೂ ಗೇಣಿಯ ಅಕ್ಕಿ ಮುಡಿಯ ಲೆಕ್ಕ ತಪ್ಪಬಾರದು. ಮುಡಿ ಹೊತ್ತುಕೊಂಡು ಹೋದರೆ ಅಂಗಳದ ಕೆಳಗೆ ನಿಲ್ಲಬೇಕು. ಧಣಿ ಊಟ ಮುಗಿಸಿ ಬರುವವರೆಗೆ ಕೂರುವ ಹಾಗಿಲ್ಲ. ಕಳಸೆಯಲ್ಲಿ ಅಳೆಯುವಾಗ ಅವರ ಮನೆಯ ಕಳಸೆ ಯಾವಾಗಲೂ ನಮ್ಮದಕ್ಕಿಂತ ದೊಡ್ಡದು. ಅಜ್ಜಿ ಇದನ್ನು ಹೇಳುವಾಗ ಕೈಯಲ್ಲಿ ಅಳತೆ ತೋರಿಸುತ್ತಿದ್ದರು. ಗದ್ದೆಯ ಹಕ್ಕುಪತ್ರ, ಪಟ್ಟೆ, ಸಿಕ್ಕಿದ ದಿನ ಆ ಕಾಗದವನ್ನು ಓದಲು ಬಾರದಿದ್ದರೂ ದೇವರ ಫೋಟೋದ ಹಿಂದೆ ಇಟ್ಟರು. ಈಗಲೂ ಅಲ್ಲೇ ಉಂಟು.

ಮಂಜೇಶ್ವರ ಗುತ್ತು:
ನಮ್ಮ ಮನೆಯಲ್ಲಿ ಹಾಗೆ ಇರಲಿಲ್ಲ ತಂಗಿ. ನಮ್ಮಜ್ಜ ಒಕ್ಕಲಿನವರ ಮದುವೆಗೆ ಅಕ್ಕಿ ಕಳಿಸುತ್ತಿದ್ದರು.

ಪೈವಳಿಕೆಯವಳು:
ಅಣ್ಣಾ, ಆ ಅಕ್ಕಿ ಬೆಳೆದವರು ಯಾರು?

ಹೊಸಂಗಡಿ ಹುಡುಗ:
ಇಲ್ಲಿಗೆ ಒಂದು ಚಾ ವಿರಾಮ.

ಕುಂಬಳೆ ಮಾಸ್ಟ್ರು:
ಇಬ್ಬರದ್ದೂ ಒಂದು ಮಾತು ಬಿಟ್ಟುಹೋಗಿದೆ. ಗದ್ದೆ ಸಿಕ್ಕಿದ್ದು ಗೇಣಿದಾರನಿಗೆ. ಅವನ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಸಿಕ್ಕಿದ್ದು ಗುಡಿಸಲಿನ ಸುತ್ತ ಹೆಚ್ಚೆಂದರೆ 10 ಸೆಂಟ್ಸ್. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಮಿತಿಯೇ ಇಲ್ಲ. ಕೊರಗ ಬುಡಕಟ್ಟಿನವರ ಕಾಲನಿಗೆ ಹೋಗಿ ಭೂಸುಧಾರಣೆ ಹೇಗಿತ್ತು ಅಂತ ಕೇಳಿ ನೋಡಿ.

ಮುಳ್ಳೇರಿಯ ಮೆಣಸು:
ಸಮಾಜವಾದದಿಂದ ನನಗೆ ನೇರ ನಷ್ಟ ಆಗಿದೆ. ಆದರೆ ಕೇರಳದ್ದಲ್ಲ, ವಿಯೆಟ್ನಾಮಿನದ್ದು! ಅಲ್ಲಿ ಆಳುವುದು ಕಮ್ಯುನಿಸ್ಟ್ ಪಕ್ಷ, ಬೇರೆ ಪಕ್ಷ ಇಲ್ಲ. ಆದರೆ 1986ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದರು. ಈಗ ಕಾಳುಮೆಣಸು ರಫ್ತಿನಲ್ಲಿ ಜಗತ್ತಿಗೇ ಅವರು ಮೊದಲು. ಕಿಲೋಗೆ ಏಳುನೂರರ ಹತ್ತಿರ ಮಾರಿದ್ದ ನಾನು ಮುನ್ನೂರಕ್ಕೆ ಇಳಿದೆ. 2017 ಡಿಸೆಂಬರಿನಲ್ಲಿ ಕೇಂದ್ರ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿದ ಮೇಲೂ ಹಾಗೇ. ಕೆಂಪು ಬಾವುಟದ ದೇಶ ನನಗೆ ಬಂಡವಾಳಶಾಹಿ ಪಾಠ ಮಾಡಿತು.

ಪೈವಳಿಕೆಯವಳು:
ಅಡಕೆಗಾರ ಅಣ್ಣನನ್ನೂ ಕೇಳಬೇಕು. ಅಡಕೆಗೆ ಆಮದು ತಡೆಯಿರಿ, ಬೆಲೆ ಕಟ್ಟಿ ಅಂತ ಮನವಿ ಕೊಡುವಾಗ ಅದು ಎಂತ ವಾದ?

ಪೆರ್ಲದ ಅಡಕೆಗಾರ:
ಅದು ಅಡಕೆವಾದ. 1973ರಲ್ಲಿ ಬೆಲೆ ಬಿದ್ದು ಎಲ್ಲರೂ ತಲೆ ಮೇಲೆ ಕೈ ಹೊತ್ತಾಗ ಕ್ಯಾಂಪ್ಕೊ ಆದದ್ದು ಬೆಳೆಗಾರರೇ ಸೇರಿ, ಎರಡೂ ರಾಜ್ಯದವರು. ಸಹಕಾರಿ. ಸರಕಾರವೂ ಅಲ್ಲ, ಸಾಹುಕಾರನೂ ಅಲ್ಲ. ಅಳಿಯನಿಗೆ ಇದನ್ನು ಯಾವ ಡಬ್ಬಿಯಲ್ಲಿ ಹಾಕಬೇಕು ಅಂತ ಗೊತ್ತಾಗಲಿಲ್ಲ.

ಪಡ್ರೆಯಿಂದ:
ಇಷ್ಟು ಹೊತ್ತು ಓದುತ್ತಾ ಇದ್ದೆ. ಬರೆಯಬೇಕೋ ಬೇಡವೋ ಅಂತ.

ನಮಗೆ ಸರಕಾರದ ಹೆದರಿಕೆ ಅಂದರೆ ಹೆಲಿಕಾಪ್ಟರ್ ಶಬ್ದ. ಗುಡ್ಡದ ಮೇಲೆ ಗೇರು ತೋಟ, ಸರಕಾರದ್ದೇ ನಿಗಮದ್ದು. ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅಂತ ಎಂಡೋಸಲ್ಫಾನ್ ವಿಷ ಸುಮಾರು ಎರಡು ದಶಕ ಮೇಲಿನಿಂದ ಹೊಡೆದರು. ಬಾವಿ ಮುಚ್ಚಿ ಅಂತ ಹೇಳುತ್ತಿದ್ದರು. ಬಾವಿ ಮುಚ್ಚಬಹುದು. ನಮ್ಮದು ಸುರಂಗದ ನೀರು. ಗುಡ್ಡದ ಹೊಟ್ಟೆಯಿಂದ ಬರುವುದನ್ನು ಯಾವ ತಟ್ಟಿ ಇಟ್ಟು ಮುಚ್ಚುವುದು? ನಮ್ಮ ಅಪ್ಪನಿಗೆ ಹನ್ನೆರಡು ಜೇನುಪೆಟ್ಟಿಗೆ ಇತ್ತು. ಒಂದು ವರ್ಷ ಹೊಡೆದ ಮರುದಿನ ಪೆಟ್ಟಿಗೆಗಳ ಕೆಳಗೆಲ್ಲ ಹುಳಗಳು ಬಿದ್ದಿದ್ದವು. ಅಮ್ಮ ಹಿಡಿಸೂಡಿಯಲ್ಲಿ ಗುಡಿಸಿದರು. ಆ ಶಬ್ದ ಒಣ ಎಲೆ ಗುಡಿಸಿದ ಹಾಗೆ ಇತ್ತು.

ಹೊಡೆದದ್ದು ಸರ್ವಾಧಿಕಾರಿ ಅಲ್ಲ. ಐದು ವರ್ಷಕ್ಕೊಮ್ಮೆ ನಾವೇ ಓಟು ಹಾಕಿದವರು. ಎಡದವರು ಬಂದರೂ ಹೊಡೆದರು, ಬಲದವರು ಬಂದರೂ ಹೊಡೆದರು.

ಕುಂಬಳೆ ಮಾಸ್ಟ್ರು:
ನಿಲ್ಲಿಸಿದ್ದೂ ನಾವೇ ಅಲ್ಲವಾ ತಮ್ಮಾ. ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರಿಯಲ್ಲಿ ಇದ್ದುಕೊಂಡೇ ಕೋರ್ಟಿಗೆ ಹೋದರು. ಊರಿನ ಡಾಕ್ಟರು ರೋಗಿಗಳ ಲೆಕ್ಕ ಇಟ್ಟು ಬರೆದರು. ಪೇಪರಿನವರು ಬಂದರು. 2000ದ ಕೊನೆಗೆ ಸಿಂಪಡಣೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ತಡೆ ಹಾಕಿತು.

ಸೋವಿಯತ್ ಒಕ್ಕೂಟದ ಚೆರ್ನೊಬಿಲ್ ಅಣುಸ್ಥಾವರ ನೋಡಿ. 1986 ಏಪ್ರಿಲ್ 26ರ ರಾತ್ರಿ ಸ್ಫೋಟ. ಪಕ್ಕದ ಊರನ್ನು ಖಾಲಿ ಮಾಡಿಸಿದ್ದೇ ಮರುದಿನ ಮಧ್ಯಾಹ್ನ. ಸ್ವೀಡನ್ನಿನ ಅಣುಸ್ಥಾವರದಲ್ಲಿ ನೌಕರನ ಬೂಟಿನಲ್ಲಿ ವಿಕಿರಣ ಸಿಕ್ಕಿ ಅವರು ಕೇಳಿದ ಮೇಲೆ, 28ಕ್ಕೆ ರಾತ್ರಿ ನಾಲ್ಕು ಸಾಲು ಸುದ್ದಿ. ಮೇ ಒಂದಕ್ಕೆ ಕೀವ್‌ನಲ್ಲಿ ಮಕ್ಕಳನ್ನು ಸೇರಿಸಿ ಮೆರವಣಿಗೆ ಬೇರೆ ಮಾಡಿದರು. ಅಲ್ಲಿ ಕೋರ್ಟಿಗೆ ಹೋಗುವ ನೌಕರರು ಎಲ್ಲಿದ್ದರು? ಅಮರ್ತ್ಯ ಸೇನ್ ಹೇಳುವುದೂ ಅದೇ, ಪತ್ರಿಕೆ, ಚುನಾವಣೆ ಇದ್ದಲ್ಲಿ ದೊಡ್ಡ ಬರಗಾಲ ಆಗುವುದಿಲ್ಲ. ಚೀನಾದಲ್ಲಿ 1958ರಿಂದ 61ರವರೆಗೆ ಕೋಟಿಗಟ್ಟಲೆ ಜನ ಹಸಿವೆಯಲ್ಲಿ ಸತ್ತರು, ಪೇಪರಿನಲ್ಲಿ ಒಂದು ಸಾಲು ಇಲ್ಲ.

ಪಡ್ರೆಯಿಂದ:
ಮಾಸ್ಟ್ರೇ, ನಿಮ್ಮ ಮೇಲೆ ಗೌರವ ಉಂಟು. ಆದರೆ ಚೆರ್ನೊಬಿಲ್‌ನಲ್ಲಿ ಎರಡು ದಿನ ಮುಚ್ಚಿಟ್ಟರು. ನಮ್ಮಲ್ಲಿ ಎಷ್ಟು ವರ್ಷ? 2017ರಲ್ಲಿ ಸುಪ್ರೀಂ ಕೋರ್ಟ್ ಒಬ್ಬೊಬ್ಬರಿಗೆ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂದಿತು. 2022ರಲ್ಲಿ ಅದೇ ಕೋರ್ಟ್ ಯಾಕೆ ಇನ್ನೂ ಕೊಡಲಿಲ್ಲ ಅಂತ ಗದರಿಸಬೇಕಾಯಿತು. ಸೇನ್ ಅವರೇ ಇನ್ನೊಂದು ಮಾತು ಹೇಳಿದ್ದಾರಲ್ಲ, ದೊಡ್ಡ ಬರಗಾಲ ತಪ್ಪಿಸುವ ಭಾರತ ದಿನದಿನದ ಹಸಿವೆಯನ್ನು ಹಾಗೇ ಬಿಡುತ್ತದೆ ಅಂತ. ನಿಧಾನಕ್ಕೆ ಆಗುವುದು ಸುದ್ದಿ ಆಗುವುದಿಲ್ಲ.

ಕುಂಬಳೆ ಮಾಸ್ಟ್ರು:
ಒಪ್ಪಿದೆ. ನನ್ನ ಹೋಲಿಕೆ ನನಗೆ ಸುಲಭ ಆಯ್ತು, ನಿನಗಲ್ಲ.

ನೀಲೇಶ್ವರ ಸಖಾವು:
ನಮ್ಮ ಪಕ್ಷದವರೂ ಆ ಹೋರಾಟದಲ್ಲಿ ಇದ್ದರು. ತಡವಾಗಿ ಬಂದರು, ಅದೂ ನಿಜ.

ತಲಪಾಡಿ ಗಡಿ:
ನಮಗೆ ಎರಡೆರಡು ಸರಕಾರದ ಹೆದರಿಕೆ ಮಾರಾಯ್ರೇ. 2020 ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಆಚೆಯವರು, ಕರ್ನಾಟಕದವರು, ಮಣ್ಣು ತಂದು ಸುರಿದರು. ನನ್ನ ಅಮ್ಮನಿಗೆ ವಾರಕ್ಕೆ ಎರಡು ಡಯಾಲಿಸಿಸ್, ಮಂಗಳೂರಿನಲ್ಲಿ. ಮನೆಯಿಂದ ಆಸ್ಪತ್ರೆಗೆ ಅರ್ಧ ಗಂಟೆ. ಆ ದಿನ ಆ ಮಣ್ಣಿನ ದಿಬ್ಬದ ಹತ್ತಿರ ರಿಕ್ಷಾ ನಿಲ್ಲಿಸಿ ಅಮ್ಮನ ಫೈಲು ಎತ್ತಿ ತೋರಿಸಿದೆ. ಆಚೆ ನಿಂತ ಪೊಲೀಸಿನವ ನಮ್ಮದೇ ಭಾಷೆಯಲ್ಲಿ, ತುಳುವಿನಲ್ಲಿ, ಆಗುವುದಿಲ್ಲ ಅಂದ. ಮುಖ ಆಚೆ ತಿರುಗಿಸಿಕೊಂಡು ಹೇಳಿದ. ಕೋರ್ಟು ತೆರೆಯಿರಿ ಅಂತ ಹೇಳಿದರೂ ತೆರೆಯಲು ದಿನ ಹಿಡಿಯಿತು. ಅಷ್ಟರಲ್ಲಿ ನಾವು ಕಣ್ಣೂರಿಗೆ ಮೂರು ಗಂಟೆ ಪ್ರಯಾಣ ಮಾಡಿ ಬಂದೆವು. ಎರಡು ಕಡೆಯೂ ನಾವು ಆರಿಸಿದ್ದೇ, ಅಲ್ವಾ? ಅಲ್ಲ, ಆಚೆ ಕಡೆಗೆ ನಮ್ಮ ಓಟು ಇಲ್ಲ. ಅದೇ ಆದದ್ದು.

ಬರ್ಲಿನ್ ಬದಿಯಡ್ಕ:
ಅಮ್ಮ ಹೇಗಿದ್ದಾರೆ ಈಗ?

ತಲಪಾಡಿ ಗಡಿ:
ಮರುವರ್ಷ ಹೋದರು. ಕೊರೊನಾದಿಂದಲ್ಲ.

ಮಂಜೇಶ್ವರ ಗುತ್ತು:
1956 ನವೆಂಬರ್ ಒಂದರಂದು ನಮ್ಮನ್ನು ಕೇರಳಕ್ಕೆ ಸೇರಿಸಿ ಗೆರೆ ಎಳೆದವರನ್ನು ಕೇಳಬೇಕು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಇದ್ದದ್ದನ್ನು ಮೈಸೂರಿಗೆ ಕೊಡಿ ಅಂತ ಬರೆದಿತ್ತು.

ನೀಲೇಶ್ವರ ಸಖಾವು:
ಬಂತು ಮಹಾಜನ ವರದಿ. ಇನ್ನು ಈ ಚರ್ಚೆ ಮುಗಿದ ಹಾಗೆ.

ಶಾರ್ಜಾ ಇಚ್ಚ:
ಅದಕ್ಕೆ ಬೇರೆ ಜಾಗ ಮಾಡಿ. ಅಡಕೆಗಾರ್ರೇ, ನಿಮ್ಮ ಅಳಿಯ ಎಲ್ಲಿ? ಸ್ನಾನ ಮುಗಿಯಲಿಲ್ಲವಾ?

ಪೆರ್ಲದ ಅಡಕೆಗಾರ:
ಅವನ ಕತೆ ಹೇಳಲಿಕ್ಕೇ ಬಂದೆ ಇಚ್ಚ. ಅವನ ಹೆಸರಿನಲ್ಲಿ ಸ್ವಲ್ಪ ಜಾಗ ಉಂಟು, ಅದರ ತೆರಿಗೆ ಕಟ್ಟಲು ನಿನ್ನೆ ವಿಲ್ಲೇಜ್ ಆಫೀಸಿಗೆ ಹೋದೆವು. ಪಾಸ್‌ಪೋರ್ಟಿನಲ್ಲಿ ಮನೆ ಹೆಸರು ಕೊನೆಗೆ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಬರೀ ಇನಿಶಿಯಲ್. ಆಸ್ತಿಯ ಕಾಗದದಲ್ಲಿ ಅವನ ಹೆಸರು ಮಲಯಾಳಕ್ಕೆ ಹೋಗಿ ಬಂದು ಕೊನೆಗೆ ಒಂದು "ನ್" ಜಾಸ್ತಿ. ಅಲ್ಲಿದ್ದವರು ಮೂರೂ ಕಾಗದ ನೋಡಿ ಇವರು ಮೂವರೂ ಒಬ್ಬರೇ ಅಂತ ಸರ್ಟಿಫಿಕೇಟ್ ಬೇಕು ಅಂದರು.

ಹೊಸಂಗಡಿ ಹುಡುಗ:
ಒನ್ ಆ್ಯಂಡ್ ದ ಸೇಮ್ ಸರ್ಟಿಫಿಕೇಟ್! ನನ್ನಲ್ಲಿ ಎರಡು ಉಂಟು. ಆ ಎರಡರಲ್ಲೂ ಹೆಸರು ಬೇರೆ ಬೇರೆ.

ಒಹಾಯೋ ಅತ್ತಿಗೆ:
ಅಯ್ಯೋ ದೇವರೇ. ಮತ್ತೆ?

ಪೆರ್ಲದ ಅಡಕೆಗಾರ:
ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿ ಹಾಕಿ ಅಂದರು. ಹೋದೆವು. ಅರ್ಜಿಯ ಮೊದಲ ಪುಟ ಮಲಯಾಳದಲ್ಲಿ. ಇವನಿಗೆ ಓದಲು ಬರುವುದಿಲ್ಲ, ಕನ್ನಡದ್ದು ಉಂಟಾ ಅಂತ ಕೇಳಿದ. ಉಂಟು, ಪ್ರಿಂಟ್ ಮುಗಿದಿದೆ ಅಂದಳು ಆ ಹುಡುಗಿ. ಟೆಕ್ಸಾಸಿನಲ್ಲಿ ಸರಕಾರ ಮನೆಗೆ ನುಗ್ಗುತ್ತದೆ ಅಂತ ಹೆದರುವವ ಇಲ್ಲಿ ಸರಕಾರಕ್ಕೆ ತಾನು ಯಾರು ಅಂತ ಒಪ್ಪಿಸಲಾಗದೆ ಬೆವರಿದ. ಆಮೇಲೆ ಗುರುತಿಗೆ ರೇಷನ್ ಕಾರ್ಡಿನಲ್ಲಿ ಹೆಸರು ಉಂಟಾ ಅಂತ ಕೇಳಿದರು.

ಪೈವಳಿಕೆಯವಳು:
ಉಂಟಾ?

ಪೆರ್ಲದ ಅಡಕೆಗಾರ:
ಎಲ್ಲಿಂದ? ಅಮೆರಿಕಕ್ಕೆ ಹೋದ ಮರುವರ್ಷವೇ ತೆಗೆಸಿದ್ದೇವೆ. ರಾತ್ರಿ ಊಟಕ್ಕೆ ಕೂತಾಗ ಇದೆಲ್ಲ ಅಮ್ಮನಿಗೆ ಹೇಳಿದ. ಅಮ್ಮ ಸಾರು ಬಡಿಸುತ್ತಾ, "ನೀನು ನನ್ನ ಮೊಮ್ಮಗ ಅಂತ ಅವರಿಗೆ ಬೇಕಾದರೆ ನಾನು ಬಂದು ಬೆರಳು ಒತ್ತುತ್ತೇನೆ" ಅಂದರು.

ಶಾರ್ಜಾ ಇಚ್ಚ:
ಯಾವ ಕೈಯದ್ದು?

ಪೆರ್ಲದ ಅಡಕೆಗಾರ:
ಎಡಗೈಯದ್ದು. ಬಲಗೈಯದ್ದು ಸವೆದಿದೆಯಲ್ಲ.